ಗುಡ್ಡದ ಮೇಲೆ ಲೀಡ್ ಬಿಚ್ಚಬೇಡ

ಪುಟ್ಟಿ,

ಬರುವ ಭಾನುವಾರ ನಿನ್ನ ನಾಯಿ ಕೆಂಚನನ್ನು ಕರೆದುಕೊಂಡು ಕಿಂಡರ್ ಸ್ಕೌಟ್ ಗುಡ್ಡ ಹತ್ತುತ್ತೇನೆ, ಮೇಲೆ ಹೋದಮೇಲೆ ಬಿಟ್ಟುಬಿಡುತ್ತೇನೆ, ಮನಸಾರೆ ಓಡಲಿ ಅಂತ ಬರೆದಿದ್ದೀಯ. ಹತ್ತುವುದಕ್ಕೆ ನನ್ನ ಪೂರ್ತಿ ಒಪ್ಪಿಗೆ. ಬಿಡುವುದಕ್ಕೆ ಇಲ್ಲ. ವಾರವಿಡೀ ಮ್ಯಾಂಚೆಸ್ಟರಿನ ಫ್ಲ್ಯಾಟಿನಲ್ಲಿ ಬಿದ್ದಿರುವ ನಾಯಿಯನ್ನು ಕಂಡು ನಿನಗೆ ಕರುಳು ಚುರ್ ಅನ್ನುವುದು ಸಹಜವೇ. ಆದರೆ ಬೇಲಿ ಕಾಣದ ಕಡೆ ಯಾರೂ ವಾಸವಿಲ್ಲ ಅಂದುಕೊಳ್ಳಬೇಡ.

ಈಡೇಲ್ ಸ್ಟೇಷನ್ನಿನಲ್ಲಿ ಇಳಿ. ರೈಲಿನಲ್ಲಿ ನಾಯಿಗೆ ಟಿಕೆಟ್ ಬೇಕಿಲ್ಲ. ಅಪ್ಪರ್ ಬೂತ್ ದಾಟಿ ಜೇಕಬ್ಸ್ ಲ್ಯಾಡರಿನ ಕಲ್ಲುಮೆಟ್ಟಿಲು ಏರಿದರೆ ಮೂರ್‌ಲ್ಯಾಂಡ್ ಶುರು. ಮರವಿಲ್ಲ, ಮರೆಯಿಲ್ಲ, ಹೀದರ್ ಪೊದೆ, ಒರಟು ಹುಲ್ಲು, ಮಳೆ ಬಂದರೆ ಮೊಣಕಾಲುವರೆಗೆ ಹೂತುಕೊಳ್ಳುವ ಪೀಟ್ ಎಂಬ ಕಪ್ಪು ಮಣ್ಣು. ಚೂಪಾದ ಶಿಖರ ಹುಡುಕಿದರೆ ನಿರಾಸೆಯೇ, ಅದು ಚಪ್ಪಟೆ ನೆತ್ತಿಯ ಗುಡ್ಡ. ಜನ ಫೋಟೋ ತೆಗೆಸಿಕೊಳ್ಳುವುದು ಕಿಂಡರ್ ಲೋದ 633 ಮೀಟರಿನ ಸರ್ವೆ ಕಂಬದ ಹತ್ತಿರ. ನಿಜವಾದ ತುದಿ 636 ಮೀಟರು, ಅಲ್ಲೇ ಆಚೆ ಕೆಸರಿನ ನಡುವೆ. ಕಂಬ ಮುಟ್ಟಿ ತಿರುಗಿದರೆ ಏನೂ ಕಳೆದುಕೊಳ್ಳುವುದಿಲ್ಲ. ಮಂಜು ಕವಿದರಂತೂ ಕಂಬದ ಆಸೆಯನ್ನೂ ಬಿಡು. ಆ ಕೆಸರಿನ ಓಣಿಗಳೆಲ್ಲ ಒಂದೇ ಥರ, ಹಾದಿ ತಪ್ಪಿಸುವುದರಲ್ಲಿ ನಿಸ್ಸೀಮ.

ಈ ಬಯಲಲ್ಲಿ ಒಂದು ಕಾಲಕ್ಕೆ ಜನ ಕಾಲಿಡುವಂತೆಯೇ ಇರಲಿಲ್ಲ. ಗ್ರೌಸ್ ಹಕ್ಕಿಯ ಬೇಟೆಗೆಂದು ದೊಡ್ಡವರು ಕಾವಲಿಟ್ಟಿದ್ದ ಜಾಗ. 1932ರ ಏಪ್ರಿಲ್ 24ರ ಭಾನುವಾರ, ಇಪ್ಪತ್ತರ ಹುಡುಗ ಬೆನ್ನಿ ರಾಥ್‌ಮನ್ ಮುಂದಾಗಿ, ನೂರಾರು ಜನ ಹೇಫೀಲ್ಡ್ ಕಡೆಯಿಂದ ಹತ್ತಿಯೇಬಿಟ್ಟರು. ಕಾವಲುಗಾರರ ಜೊತೆ ಕೈಕೈ ಮಿಲಾಯಿಸಿತು, ಐವರಿಗೆ ಜೈಲಾಯಿತು. 2002ರಲ್ಲಿ ಡೆವನ್‌ಶೈರಿನ ಡ್ಯೂಕ್, ಆಗ ಆ ಜಾಗದ ಒಡೆಯರಲ್ಲೊಬ್ಬನಾಗಿದ್ದ ತಮ್ಮ ಅಜ್ಜ ನಡೆದುಕೊಂಡ ರೀತಿಗೆ ಎಲ್ಲರೆದುರು ಕ್ಷಮೆ ಕೇಳಿದರು. ಅಷ್ಟರಲ್ಲಿ, 2000ದಲ್ಲಿ, ಇಂಥ ಬಯಲುಗಳಲ್ಲಿ ತಿರುಗಾಡುವ ಹಕ್ಕನ್ನು ಕಾನೂನೇ ಕೊಟ್ಟಿತ್ತು. ಆ ಹಕ್ಕಿನಲ್ಲಿ ನಾಯಿಗೆ ಪಾಲು ಸಿಕ್ಕಿದ್ದು ಷರತ್ತಿನ ಮೇಲೆ: ಮಾರ್ಚ್ 1ರಿಂದ ಜುಲೈ 31ರವರೆಗೆ ಎರಡು ಮೀಟರಿಗಿಂತ ಉದ್ದವಿಲ್ಲದ ಲೀಡ್, ದನಕುರಿಗಳ ಹತ್ತಿರವಾದರೆ ವರ್ಷವಿಡೀ. ಒತ್ತಿದರೆ ಉದ್ದವಾಗುವ ನಿನ್ನ ಆ ಯಂತ್ರದ ಲೀಡನ್ನು ಮನೆಯಲ್ಲೇ ಬಿಡು.

ಆ ತಿಂಗಳುಗಳೇ ಯಾಕೆ ಅಂದರೆ, ಗೂಡು ಕಟ್ಟಲು ಮರವಿಲ್ಲದ ಕಡೆ ಹಕ್ಕಿ ನೆಲದಲ್ಲೇ ಮೊಟ್ಟೆ ಇಡಬೇಕು. ನಮ್ಮೂರ ಗದ್ದೆಯ ಬದುವಿನ ಟಿಟ್ಟಿಭ ನೆನಪಿದೆಯಲ್ಲ, ಕಲ್ಲಿನ ನಡುವೆ ಕಲ್ಲಿನಂಥದೇ ಮೊಟ್ಟೆ ಇಟ್ಟು, ಹತ್ತಿರ ಹೋದರೆ ಊರೇ ಕೇಳುವಂತೆ ಕಿರುಚುತ್ತಿದ್ದದ್ದು? ಅದರ ದಾಯಾದಿ ಲ್ಯಾಪ್‌ವಿಂಗ್ ಈ ಸೀಮೆಯಲ್ಲಿದೆ. ಗೋಲ್ಡನ್ ಪ್ಲವರ್ ಇದೆ. ಬಾಗಿದ ಉದ್ದ ಕೊಕ್ಕಿನ ಕರ್ಲ್ಯೂ ಇದೆ. 2015ರಲ್ಲಿ ಬ್ರಿಟನ್ನಿನ ಅಪಾಯದ ಕೆಂಪು ಪಟ್ಟಿಗೆ ಸೇರಿದ ಹಕ್ಕಿ. ಕೆಂಚ ಏನೂ ತಿನ್ನಬೇಕಿಲ್ಲ. ಮೂಸುತ್ತ ಹತ್ತಿರ ಹೋದರೆ ಸಾಕು, ತಾಯಿ ಎದ್ದು ಹಾರುತ್ತದೆ, ಆ ಗಾಳಿಗೆ ಮೊಟ್ಟೆ ತಣ್ಣಗಾಗುತ್ತದೆ, ಕಾಗೆಗೆ ಗೂಡಿನ ವಿಳಾಸ ಸಿಗುತ್ತದೆ. ನೀನಾಗಲೇ ಅರ್ಧ ಮೈಲಿ ಮುಂದೆ ಹೋಗಿರುತ್ತೀಯ.

ಕುರಿಗಳದೂ ಇದೇ ಕಥೆ. ನಮ್ಮ ಕೆಂಚ ಕಚ್ಚುವವನಲ್ಲ ಅಂತೀಯ. ಕಚ್ಚಬೇಕಾಗಿಲ್ಲ, ಗಬ್ಬದ ಕುರಿಯನ್ನು ಆಟಕ್ಕೆ ಅಟ್ಟಿಸಿದರೂ ಕಂದು ಹಾಕುತ್ತದೆ. ಬೇರೆ ದಾರಿಯೇ ಇಲ್ಲದಾಗ ಅಂಥ ನಾಯಿಗೆ ಗುಂಡಿಕ್ಕಿದ ರೈತನನ್ನು ಇಲ್ಲಿನ ಕಾನೂನು ಕಾಯುತ್ತದೆ. ಅವನ ಮೇಲೆ ನನಗೆ ಸಿಟ್ಟಿಲ್ಲ.

ಲೀಡ್ ಕೈಬಿಡಲೇಬೇಕಾದ ಸಂದರ್ಭ ಒಂದಿದೆ. ಕಣಿವೆಯ ಹೊಲಗಳಲ್ಲಿ ಕರುವಿನ ಜೊತೆ ಮೇಯುವ ಹಸುಗಳು ನಾಯಿ ಕಂಡರೆ ನುಗ್ಗಿ ಬರುತ್ತವೆ. ನಮ್ಮ ಕೊಟ್ಟಿಗೆಯ ಗೌರಿಯ ನೆನಪಲ್ಲಿ ಬಾ ಬಾ ಅಂತ ಕೈಚಾಚಬೇಡ. ಅವಕ್ಕೆ ಬೇಕಿರುವುದು ನಾಯಿ. ಅದು ನಿನ್ನ ಕೈಯಲ್ಲಿದ್ದರೆ ತುಳಿತ ನಿನಗೆ. ಥಟ್ಟನೆ ಕೈಬಿಟ್ಟು ಗೇಟಿನ ಕಡೆ ನಡೆ. ಕೆಂಚ ನಿನಗಿಂತ ಚುರುಕು, ತಪ್ಪಿಸಿಕೊಳ್ಳುತ್ತಾನೆ. ಅಲ್ಲಿ ಅವನು ಹೇತದ್ದನ್ನು ಚೀಲಕ್ಕೆ ತುಂಬಿ ತರಲೇಬೇಕು. ಅದರಿಂದ ಹರಡುವ ರೋಗವೊಂದು ಹಸುಗಳ ಗರ್ಭ ಇಳಿಸುತ್ತದೆ. ತುಂಬಿದ ಚೀಲವನ್ನು ಬೇಲಿಗೆ ನೇತುಹಾಕಿ ಹೋಗುವ ಮಹಾನುಭಾವರೂ ಇದ್ದಾರೆ, ಅದ್ಯಾವ ದೇವರಿಗೆ ಹರಕೆಯೋ!

ಅವನು ಓಡಲೇಬೇಕು ಅಂತಿದ್ದರೆ ಸುತ್ತ ಬೇಲಿಯಿರುವ ಮೈದಾನಗಳು ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಸಿಗುತ್ತವೆ. ಗುಡ್ಡದಲ್ಲಿ ಅವನ ಸುಖ ಕಾಲಿನದಲ್ಲ, ಮೂಗಿನದು. ಅವನು ನಿಂತಲ್ಲಿ ನಿಲ್ಲು, ಎಳೆಯಬೇಡ. ಹೊತ್ತಾಗುತ್ತದೆ, ಆಗಲಿ; ಅದಕ್ಕೇ ಬೆಳಗಿನ ರೈಲು ಹಿಡಿ ಅನ್ನುವುದು.

ಮನೆಗೆ ಬಂದಮೇಲೆ ಅವನ ಕಿವಿಸಂದು, ಕಂಕುಳು, ಕಾಲ್ಬೆರಳ ನಡುವೆ ಉಣುಗು ನೋಡು, ನಿನ್ನ ಮೈಯಲ್ಲೂ. ಮಂಗನಕಾಯಿಲೆಯ ಸೀಮೆಯಲ್ಲಿ ಬೆಳೆದವಳಿಗೆ ಉಣುಗಿನ ಪಾಠ ಬೇಡ. ಇಲ್ಲಿ ಅದು ಹರಡುವುದು ಲೈಮ್ ರೋಗ. ಕಿತ್ತುಹಾಕುವ ಕೊಕ್ಕೆ ಸಾಕುಪ್ರಾಣಿಗಳ ಅಂಗಡಿಯಲ್ಲಿ ಸಿಗುತ್ತದೆ, ಹೋಗುವ ಮೊದಲೇ ಕೊಂಡಿಟ್ಟುಕೋ. ಮುಂದಿನ ವಾರಗಳಲ್ಲಿ ಕಚ್ಚಿದ ಕಡೆ ಕೆಂಪು ಉಂಗುರ ಎದ್ದರೆ ಡಾಕ್ಟರಿಗೆ ತೋರಿಸು, ನನ್ನ ಫೋನಿಗೆ ಕಾಯಬೇಡ.

ಇಂತು,
ನಿನ್ನ ದೊಡ್ಡಮ್ಮ