ಎರೆಭೂಮಿಯಲ್ಲಿ ಮನೆಯ ಗೋಡೆ ಬಿರುಕು ಬಿಡುವುದೇಕೆ?

ಧಾರವಾಡ, ಗದಗ, ವಿಜಯಪುರ ಜಿಲ್ಲೆಗಳ ಎರೆಭೂಮಿಯ ಮನೆಗಳಲ್ಲಿ ಬಾಗಿಲು, ಕಿಟಕಿಗಳ ಮೂಲೆಯಿಂದ ಓರೆ ಬಿರುಕು ಏಳುವುದು ಸಾಮಾನ್ಯ. ಗಾರೆ ಮೆತ್ತಿ ಮುಚ್ಚಿದರೂ ಮುಂದಿನ ಬೇಸಿಗೆಯಲ್ಲಿ ಅದು ಮತ್ತೆ ಬಾಯ್ದೆರೆಯುತ್ತದೆ. ದೋಷವಿರುವುದು ತಳಪಾಯದ ಕೆಳಗಿನ ಮಣ್ಣಿನಲ್ಲಿ.

ಎರೆಮಣ್ಣು ಮಳೆಗಾಲದಲ್ಲಿ ನೀರು ಹೀರಿ ಉಬ್ಬುತ್ತದೆ. ಬೇಸಿಗೆಯಲ್ಲಿ ಒಣಗಿ ಕುಗ್ಗುತ್ತದೆ. ಹೊರಗೋಡೆಗಳ ಬುಡದಲ್ಲಿ ಈ ಏರಿಳಿತ ಹೆಚ್ಚು, ಮನೆಯ ನಡುವೆ ಕಡಿಮೆ. ಆದ್ದರಿಂದ ಗೋಡೆ ಸೀಳುತ್ತದೆ. ಬಚ್ಚಲ ನೀರು ಬುಡದಲ್ಲಿಯೇ ಇಂಗಿದರೆ ಹಾನಿ ಇನ್ನೂ ಹೆಚ್ಚು.

ಹೊಸ ಮನೆ ಕಟ್ಟುವಾಗ ಎರೆ ತೆಳುವಾಗಿದ್ದರೆ ಅದನ್ನು ತೆಗೆದು ಗಟ್ಟಿ ಗರಸಿನ ಮೇಲೆ ತಳಪಾಯ ಹಾಕಬೇಕು. ಆಳವಾಗಿದ್ದರೆ ಎಂಜಿನಿಯರರ ಸಲಹೆಯಂತೆ ಬುಡ ಅಗಲವಾದ ಕಾಂಕ್ರೀಟ್ ಕಂಬಗಳನ್ನು ಸುಮಾರು 3.5 ಮೀಟರ್ ಆಳಕ್ಕೆ ಇಳಿಸುವುದು ಸೂಕ್ತ. ಹಳೆಯ ಮನೆಯ ಸುತ್ತ ಹೊರಕ್ಕೆ ಇಳಿಜಾರಾದ ಕಲ್ಲುಹಾಸು ಹಾಕಿ, ನೀರನ್ನು ದೂರ ಹರಿಸಿದರೆ ಬಿರುಕು ಬೆಳೆಯುವುದು ತಗ್ಗುತ್ತದೆ.