ಮಾನ್‌ಸ್ಟೆರಾ ಎಲೆ ಸೀಳುತ್ತಿಲ್ಲವೇ?

ಗಿಡಕ್ಕೆ ರೋಗವೇನೂ ಬಂದಂತಿಲ್ಲ, ಗಾಬರಿ ಬೇಡ. ಎಳೆಯ ಮಾನ್‌ಸ್ಟೆರಾದಲ್ಲಿ ಎಲೆಗಳು ಇಡಿಯಾಗಿಯೇ ಇರುತ್ತವೆ. ಗಿಡ ಬಲಿತಂತೆ ಹೊಸ ಎಲೆಗಳು ಸೀಳಿಕೊಂಡೇ ಬಿಚ್ಚುತ್ತವೆ. ಈಗಿರುವ ಎಲೆ ಮುಂದೆ ಸೀಳುವುದಿಲ್ಲ, ಅದಕ್ಕಾಗಿ ಕಾಯಬೇಡಿ. ಆದರೆ ನೀವು ಬರೆದಂತೆ ಇಷ್ಟು ವರ್ಷವಾದರೂ ಒಂದೂ ಸೀಳಿಲ್ಲವೆಂದರೆ, ನೀವು ಗಿಡ ಇಟ್ಟಿರುವ ಟಿವಿ ಪಕ್ಕದ ಕತ್ತಲೆ ಮೂಲೆಯ ಮೇಲೆಯೇ ನನಗೆ ಅನುಮಾನ. ದಕ್ಷಿಣ ಮೆಕ್ಸಿಕೊದಿಂದ ಪನಾಮಾದವರೆಗಿನ ಕಾಡುಗಳಲ್ಲಿ ಇದು ಮರ ತಬ್ಬಿ ಬೆಳಕಿನತ್ತ ಏರುವ ಬಳ್ಳಿ. ಪೂರ್ವದ ಕಿಟಕಿಯ ಬಳಿ ಇಡಿ. ಬೆಳಗಿನ ಎಳೆಬಿಸಿಲು ಒಳ್ಳೆಯದೇ, ಮಧ್ಯಾಹ್ನದ ಬಿಸಿಲು ಎಲೆ ಸುಡುತ್ತದೆ. ತೆಂಗಿನ ನಾರು ಸುತ್ತಿದ ಕೋಲು ನೆಟ್ಟು ಕಾಂಡವನ್ನು ಸಡಿಲವಾಗಿ ಕಟ್ಟಿ. ಗೆಣ್ಣುಗಳಿಂದ ಹೊರಟ ಕಂದು ಬೇರುಗಳನ್ನು ನೋಡಲು ಚೆನ್ನಾಗಿಲ್ಲವೆಂದು ದಯವಿಟ್ಟು ಕತ್ತರಿಸಬೇಡಿ. ಅವು ಕೋಲು ಹಿಡಿದು ಹತ್ತಿದಂತೆಲ್ಲ ಎಲೆ ದೊಡ್ಡದಾಗುತ್ತದೆ.

ಕೆಳಗಿನ ಎಲೆಗಳು ಹಳದಿಯಾಗುವುದಕ್ಕೆ ನೀವು ದಿನವೂ ಹಾಕುವ ನೀರೇ ಕಾರಣವಾಗಿರಬೇಕು. ಬೆರಳನ್ನು ಮಣ್ಣಿಗೆ ಇಳಿಸಿ ನೋಡಿ, ಎರಡು ಗೆಣ್ಣಿನ ಆಳದವರೆಗೆ ಒಣಗಿದ್ದರೆ ಮಾತ್ರ ನೀರು ಕೊಡಿ. ಕುಂಡದ ತುಂಬ ಬರೀ ಕೆಮ್ಮಣ್ಣು ಎಂದಿದ್ದೀರಿ. ಅದು ಗಟ್ಟಿಯಾಗಿ, ಗಾಳಿ ಸಿಗದೆ ಬೇರು ಕೊಳೆಯುತ್ತದೆ. ಕೋಕೊಪೀಟ್, ಪರ್ಲೈಟ್, ಎರೆಗೊಬ್ಬರ, ತೆಂಗಿನ ಸಿಪ್ಪೆಯ ಚೂರು ಬೆರೆಸಿದ ಸಡಿಲ ಮಿಶ್ರಣಕ್ಕೆ ಗಿಡ ಬದಲಿಸಿ. ಮೆತ್ತಗಾದ ಬೇರು ಕಂಡರೆ ಆಗಲೇ ಕತ್ತರಿಸಿಬಿಡಿ.

ನೀವು ಕೇಳದಿದ್ದರೂ ಹೇಳಲೇಬೇಕು: ಮನೆಯಲ್ಲಿ ಅಂಬೆಗಾಲಿಡುವ ಮೊಮ್ಮಗುವಿದೆ ಎಂದು ಬರೆದಿದ್ದೀರಿ. ಮಾನ್‌ಸ್ಟೆರಾ ನಮ್ಮ ಕೆಸುವಿನ ಕುಟುಂಬದ್ದು. ಎಲೆ, ಕಾಂಡದಲ್ಲಿರುವ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳಿಂದ, ಅಗಿದರೆ ಬಾಯಿ, ಗಂಟಲು ಉರಿದು ಊದಿಕೊಳ್ಳುತ್ತವೆ. ಕುಂಡವನ್ನು ಮಗುವಿನ ಕೈಗೆಟುಕದ ಎತ್ತರದ ಸ್ಟ್ಯಾಂಡಿಗೆ ಇವತ್ತೇ ಏರಿಸಿ, ಅಲುಗಾಡದಂತೆ ಭದ್ರಪಡಿಸಿ.