ಅಡಿಕೆ ಸಿಪ್ಪೆಯಿಂದ ಬಣ್ಣದ ಡಬ್ಬಿಗೆ: ಮಾಡಬೇಕಾದ್ದು, ಮಾಡಬಾರದ್ದು

ಸಸ್ಯನಾರಿನಿಂದ ನ್ಯಾನೊಸೆಲ್ಯುಲೋಸ್ ತೆಗೆದು ಮರಕ್ಕೂ ಗೋಡೆಗೂ ಬಳಿಯುವ ನೀರಿನ ಬಣ್ಣಕ್ಕೆ ಬೆರೆಸುವವರೆಲ್ಲರ ಗಮನಕ್ಕೆ. ಡಬ್ಬಿಯ ಮೇಲೆ ಎಲೆಯ ಚಿತ್ರ ಬರೆದ ಮಾತ್ರಕ್ಕೆ ಒಳಗಿನ ಬಣ್ಣ ಹಸಿರಾಗುವುದಿಲ್ಲ. ಕೆಳಗಿನ ನಿಯಮಗಳು ಹಿರಿಯರಿಗೂ ಕಿರಿಯರಿಗೂ ಒಂದೇ.

ಮಾಡಬೇಕಾದ್ದು

1. ಕಚ್ಚಾವಸ್ತು ಈಗ ಯಾರ ಉಪಯೋಗಕ್ಕೆ ಹೋಗುತ್ತಿದೆ ಎಂದು ಮೊದಲು ಕೇಳಿ. ರಾಗಿ ಹುಲ್ಲು ದನದ ಮೇವು. ಕಬ್ಬಿನ ಸಿಪ್ಪೆ ಆಲೆಮನೆಯ ಒಲೆಗೂ ಸಕ್ಕರೆ ಕಾರ್ಖಾನೆಯ ಬಾಯ್ಲರಿಗೂ ಸೌದೆ. ಅದನ್ನು ನೀವು ತಂದರೆ ಅಲ್ಲಿ ಇನ್ನೇನನ್ನೋ ಉರಿಸುತ್ತಾರೆ. ಸುಲಿದ ಮೇಲೆ ರಸ್ತೆ ಬದಿಯಲ್ಲಿ ರಾಶಿ ಬೀಳುವ ಅಡಿಕೆ ಸಿಪ್ಪೆಯನ್ನು ಮೊದಲು ಪರೀಕ್ಷಿಸಿ.

2. ತೂಕವನ್ನು ಒಣ ಲೆಕ್ಕದಲ್ಲೇ ಬರೆಯಿರಿ. ಶೇ. 40 ಘನಾಂಶವಿರುವ 1 ಕಿಲೋ ರಾಳದ ಎಮಲ್ಷನ್ನಿನಲ್ಲಿ 400 ಗ್ರಾಂ ರಾಳವಿದೆ. ಅದಕ್ಕೆ ಶೇ. 1ರಂತೆ ಬೇಕಾದದ್ದು 4 ಗ್ರಾಂ ನ್ಯಾನೊಸೆಲ್ಯುಲೋಸ್. ಆದರೆ ಶೇ. 2ರ ಜೆಲ್‌ನಿಂದ ಅಷ್ಟು ಪಡೆಯಲು 200 ಗ್ರಾಂ ಜೆಲ್ ಹಾಕಬೇಕು. ಅದರಲ್ಲಿ 196 ಗ್ರಾಂ ಬರೀ ನೀರು. ಆ ನೀರನ್ನು ಸೂತ್ರದ ನೀರಿನಿಂದ ಕಳೆಯಿರಿ.

3. ಅಯಾನು ತೆಗೆದ ನೀರನ್ನೇ ಬಳಸಿ. ನಮ್ಮ ಬೋರ್‌ವೆಲ್ ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ನ್ಯಾನೊಸೆಲ್ಯುಲೋಸ್ ಎಳೆಗಳನ್ನು ದೂರ ನಿಲ್ಲಿಸುವ ವಿದ್ಯುದಂಶದ ಬಲ ಕುಗ್ಗಿಸಿ ಎಲ್ಲವನ್ನೂ ಗಂಟು ಕಟ್ಟಿಸುತ್ತವೆ.

4. ಗಂಧಕಾಮ್ಲದಿಂದ ತೆಗೆದ ಸೆಲ್ಯುಲೋಸ್ ಹರಳುಗಳನ್ನು ಚೆನ್ನಾಗಿ ತೊಳೆದು, ಸೋಡಿಯಂ ಹೈಡ್ರಾಕ್ಸೈಡಿನಿಂದ ತಟಸ್ಥಗೊಳಿಸಿ, ಆಮೇಲಷ್ಟೇ ರಾಳಕ್ಕೆ ಬೆರೆಸಿ. ಅಕ್ರಿಲಿಕ್ ಎಮಲ್ಷನ್ ಸಾಮಾನ್ಯವಾಗಿ ಕ್ಷಾರೀಯ. ಹುಳಿ ಬಿದ್ದರೆ ಹಾಲಿನಂತೆ ಒಡೆಯುತ್ತದೆ.

5. ಪ್ರತಿ ಪ್ರಯೋಗದ ಪಕ್ಕದಲ್ಲೂ ನ್ಯಾನೊ ಬೆರೆಸದ ಅದೇ ಬಣ್ಣದ ಒಂದು ಹಲಗೆ ಇರಲಿ. ಹೋಲಿಸಲು ಜೋಡಿಯಿಲ್ಲದ ಫಲಿತಾಂಶವನ್ನು ದಾಖಲೆಗೆ ಸೇರಿಸುವಂತಿಲ್ಲ.

6. ಪರೀಕ್ಷೆ ತೇವದಲ್ಲೂ ನಡೆಯಲಿ. ಒಣ ಹವೆಯಲ್ಲಿ ಆಮ್ಲಜನಕವನ್ನು ಚೆನ್ನಾಗಿ ತಡೆಯುವ ನ್ಯಾನೊಸೆಲ್ಯುಲೋಸ್ ಪದರ ತೇವ ಹೀರಿದಾಗ ಉಬ್ಬಿ ಆ ಗುಣ ಕಳೆದುಕೊಳ್ಳುತ್ತದೆ. ಬೇಸಿಗೆಯ ಬಳ್ಳಾರಿಯಲ್ಲಿ ಗೆದ್ದ ಬಣ್ಣ ಮಳೆಗಾಲದ ಆಗುಂಬೆಯಲ್ಲೂ ನಿಲ್ಲಬೇಕು.

7. ಬಣ್ಣದಲ್ಲಿರುವ ವಿಒಸಿಯನ್ನು, ಅಂದರೆ ಆವಿಯಾಗಿ ಹಾರುವ ಸಾವಯವ ರಾಸಾಯನಿಕವನ್ನು, ಅಳೆದು ಬರೆಯಿರಿ. ಲೆಕ್ಕದ ಕ್ರಮವನ್ನೂ ನಮೂದಿಸಿ. ಐರೋಪ್ಯ ಒಕ್ಕೂಟದಲ್ಲಿ ಒಳಗೋಡೆಯ ಮ್ಯಾಟ್ ನೀರುಬಣ್ಣಕ್ಕೆ 2010ರಿಂದ ಇರುವ ಮಿತಿ ಲೀಟರಿಗೆ 30 ಗ್ರಾಂ ವಿಒಸಿ. ಅದು ನೀರೂ ಸೇರಿದ, ಬಳಸಲು ಸಿದ್ಧವಾದ ಬಣ್ಣದ ಲೆಕ್ಕ. ನೀರನ್ನು ಕಳೆದು ಲೆಕ್ಕ ಹಾಕಿದರೆ ಅದೇ ಡಬ್ಬಿಯ ಅಂಕಿ ಏರುತ್ತದೆ.

ಮಾಡಬಾರದ್ದು

1. ಜೆಲ್ಲನ್ನು ಓವನ್ನಿನಲ್ಲಿ ಒಣಗಿಸಬೇಡಿ. ನೀರು ಹೋದೊಡನೆ ಎಳೆಗಳು ಹೈಡ್ರೋಜನ್ ಬಂಧದಿಂದ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಎಷ್ಟು ಕಲಕಿದರೂ ಮತ್ತೆ ಪೂರ್ತಿ ಬಿಡಿಸಿಕೊಳ್ಳುವುದಿಲ್ಲ.

2. ಬಣ್ಣ ಗಟ್ಟಿಯಾಯಿತೆಂದು ಥಿನ್ನರ್ ಸುರಿಯಬೇಡಿ. ಥಿನ್ನರ್ ಎಂದರೆ ವಿಒಸಿಯೇ. ಹೊರಗೆ ಬಿಸಿಲಿನಲ್ಲಿ ಅದು ವಾಹನದ ಹೊಗೆಯ ನೈಟ್ರೋಜನ್ ಆಕ್ಸೈಡ್‌ಗಳ ಜೊತೆ ಸೇರಿ ನೆಲಮಟ್ಟದ ಓಝೋನ್ ಹುಟ್ಟಿಸುತ್ತದೆ. ಅದನ್ನು ತಪ್ಪಿಸಲಿಕ್ಕೇ ನಾವು ಇಷ್ಟೆಲ್ಲ ಮಾಡುತ್ತಿರುವುದು. ಗಟ್ಟಿಯಾದರೆ ನ್ಯಾನೊ ಪ್ರಮಾಣ ಇಳಿಸಿ.

3. ಮೂಗನ್ನು ನಂಬಬೇಡಿ. ವಾಸನೆ ಇಲ್ಲದ್ದು ಹಾರುವುದಿಲ್ಲ ಎಂದಲ್ಲ. ಪದರ ಕೂಡಿಸಲು ಹಾಕುವ ನಿಧಾನವಾಗಿ ಹಾರುವ ದ್ರಾವಕಗಳು ಬಳಿದ ಮೇಲೂ ಬಹಳ ದಿನ ಹೊರಬರುತ್ತಿರುತ್ತವೆ.

4. ಒಣ ನ್ಯಾನೊ ಪುಡಿಯನ್ನು ಎನ್95 ಮಾಸ್ಕ್ ಇಲ್ಲದೆ ಮುಟ್ಟಬೇಡಿ, ಚೆಲ್ಲಿದರೆ ಪೊರಕೆ ಹಿಡಿಯಬೇಡಿ. ಒದ್ದೆ ಬಟ್ಟೆಯಲ್ಲಿ ಒರೆಸಿ. ಒಣಗಿದ ಹಲಗೆಯನ್ನು ಉಪ್ಪುಕಾಗದದಿಂದ ಉಜ್ಜುವಾಗಲೂ ಇದೇ ನಿಯಮ. ತಿನ್ನಬಹುದಾದ ನಾರು ಎಂದ ಮಾತ್ರಕ್ಕೆ ಅದು ಉಸಿರಿನಲ್ಲಿ ಎಳೆದುಕೊಳ್ಳಬಹುದಾದ ದೂಳಾಗುವುದಿಲ್ಲ.

5. ಆಮ್ಲಕ್ಕೆ ನೀರು ಸುರಿಯಬೇಡಿ. ಹರಳು ತೆಗೆಯುವ ಕ್ರಿಯೆ ನಿಲ್ಲಿಸುವಾಗ ಸುಮಾರು ಹತ್ತುಪಟ್ಟು ತಣ್ಣೀರಿಗೆ ಆಮ್ಲದ ಮಿಶ್ರಣವನ್ನು ನಿಧಾನವಾಗಿ ಸೇರಿಸಿ. ಉಳಿದ ಆಮ್ಲನೀರು ಮೋರಿಗೆ ಹೋಗಕೂಡದು. ತಟಸ್ಥಗೊಳಿಸಿ ಸಂಸ್ಕರಣೆಗೆ ಕಳಿಸಿ.

6. ನಾರನ್ನು ಬಿಳುಪಾಗಿಸಲು ಕ್ಲೋರಿನ್ ಬ್ಲೀಚ್ ಬೇಡ; ತೊಳೆದ ನೀರಿನಲ್ಲಿ ಕ್ಲೋರಿನ್ ಕೂಡಿದ ಸಾವಯವ ವಿಷಗಳು ಉಳಿಯುತ್ತವೆ. ಹೈಡ್ರೋಜನ್ ಪೆರಾಕ್ಸೈಡ್ ಬಳಸಿ. ಬಿಳುಪು ಬೇಡದ ಮರದ ಬಣ್ಣಕ್ಕೆ ಲಿಗ್ನಿನ್ ಉಳಿದ ಕಂದು ನಾರೇ ಸಾಕು, ಅದು ಅತಿನೇರಳೆ ಕಿರಣವನ್ನೂ ಹೀರುತ್ತದೆ.

7. ಸೀಸ ಇರುವ ಬಣ್ಣದ ಪುಡಿ, ಒಣಗುಕಾರಕಗಳನ್ನು ಒಳಗೆ ತರಲೇಬೇಡಿ. ಮನೆಬಳಕೆಯ ಬಣ್ಣದಲ್ಲಿ ಸೀಸ ದಶಲಕ್ಷಕ್ಕೆ 90 ಭಾಗ ಮೀರಬಾರದೆಂಬ 2016ರ ನಿಯಮ ದೇಶದಲ್ಲಿ 2017ರ ನವೆಂಬರ್ 1ರಿಂದ ಜಾರಿಯಲ್ಲಿದೆ.

8. ಲೇಬಲ್ಲಿನ ಮೇಲೆ ‘ರಾಸಾಯನಿಕ ಮುಕ್ತ’ ಎಂದು ಬರೆಯಬೇಡಿ. ಸೆಲ್ಯುಲೋಸ್ ಕೂಡ ರಾಸಾಯನಿಕವೇ. ಜೆಲ್ ಬೂಷ್ಟು ಹಿಡಿಯದಿರಲು ಹಾಕಿದ ಸಂರಕ್ಷಕದ ಹೆಸರನ್ನೂ ಪ್ರಮಾಣವನ್ನೂ ಮುಚ್ಚಿಡಬೇಡಿ.

ಈ ಪಟ್ಟಿಯ ಒಂದು ನಿಯಮ ಮೀರಿದರೂ ಆ ಮಾದರಿ ಎಷ್ಟೇ ಹೊಳೆಯಲಿ, ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.